ಕೆರೆ ಏರಿಯ ಬಿಲಗಳಿಗೂ ಒಂದು ಲೆಕ್ಕದ ಪುಸ್ತಕ ಬೇಕು

ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರುಗಳಿಗೆ, ಗ್ರಾಮ ಪಂಚಾಯಿತಿಗಳಿಗೆ, ಕೆರೆ ಬಳಕೆದಾರರ ಸಂಘಗಳಿಗೆ ಬಹಿರಂಗ ಪತ್ರ

ಮಾನ್ಯರೇ,

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯಲ್ಲಿ ತಿವರೆ ಅಣೆಕಟ್ಟು ಒಡೆದು ಜನ ಕೊಚ್ಚಿಹೋದಾಗ, ಅಲ್ಲಿನ ಜಲಸಂರಕ್ಷಣಾ ಸಚಿವರು ತಪ್ಪನ್ನು ಏಡಿಗಳ ತಲೆಗೆ ಕಟ್ಟಿದರು. ವಿರೋಧ ಪಕ್ಷದವರು ಬುಟ್ಟಿಯಲ್ಲಿ ಏಡಿ ತುಂಬಿಕೊಂಡು ಪೊಲೀಸ್ ಠಾಣೆಗೆ ಹೋಗಿ ‘ಇವನ್ನು ಬಂಧಿಸಿ’ ಎಂದರು. ನಗೆಪಾಟಲಿನ ನಡುವೆ ಒಂದು ಮಾತು ಮರೆಯಾಯಿತು. ಏಡಿ, ಹೆಗ್ಗಣ, ಮುಳ್ಳುಹಂದಿ ಮಣ್ಣಿನ ಕಟ್ಟೆಯನ್ನು ಕೊರೆಯುವುದು ನಿಜ. ಅದರಿಂದ ಕಟ್ಟೆ ಒಡೆಯಬಹುದೆನ್ನುವುದೂ ನಿಜ. ಆದರೆ ಬಿಲ ಒಂದು ರಾತ್ರಿಯಲ್ಲಿ ಆಗುವಂಥದ್ದಲ್ಲ. ಅದನ್ನು ಕಂಡು, ಅಳೆದು, ಸರಿಯಾಗಿ ಮುಚ್ಚಲು ಇಡೀ ಬೇಸಿಗೆ ಇರುತ್ತದೆ. ಆ ಬೇಸಿಗೆಯ ಕೆಲಸದ ಬಗ್ಗೆಯೇ ಈ ಪತ್ರ.

ಹೊರಗಿನ ಉದಾಹರಣೆಗಳೂ ಇವೆ. 2008ರ ಜನವರಿ 5ರಂದು ಅಮೆರಿಕದ ನೆವಾಡಾದಲ್ಲಿ ಟ್ರಕೀ ನಾಲೆಯ ದಂಡೆ ಒಡೆದು ಫರ್ನ್‌ಲಿ ಪಟ್ಟಣದ ನೂರಾರು ಮನೆಗಳಿಗೆ ನೀರು ನುಗ್ಗಿತು. ತನಿಖೆ ಬೊಟ್ಟು ಮಾಡಿದ್ದು ದಂಶಕಗಳ, ಅಂದರೆ ಇಲಿ ಜಾತಿಯ ಪ್ರಾಣಿಗಳ, ಬಿಲಗಳತ್ತ. 2014ರ ಜನವರಿ 19ರಂದು ಇಟಲಿಯ ಮೊಡೆನಾ ಬಳಿ ಸೆಕ್ಕಿಯಾ ನದಿಯ ದಂಡೆ ಕುಸಿದಾಗಲೂ ಸಂಶೋಧಕರು ಕಂಡುಕೊಂಡ ಕಾರಣ ಪ್ರಾಣಿಗಳ ಸುರಂಗವೇ. ಹಣ, ಯಂತ್ರ, ಸಿಬ್ಬಂದಿ ಎಲ್ಲ ಇರುವ ದೇಶಗಳ ಪಾಡು ಇದು. ನಮ್ಮ ಕರ್ನಾಟಕದಲ್ಲಿರುವುದು ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆ. 40 ಹೆಕ್ಟೇರಿನವರೆಗೆ ಅಚ್ಚುಕಟ್ಟಿರುವವು ಪಂಚಾಯತ್ ವ್ಯವಸ್ಥೆಗೆ, ಅದಕ್ಕೂ ಮೇಲೆ 2000 ಹೆಕ್ಟೇರಿನವರೆಗಿನವು ನಿಮ್ಮ ಇಲಾಖೆಗೆ. ಹೆಚ್ಚಿನ ಕೆರೆಗಳ ಏರಿಯನ್ನು ದಿನಾ ನಡೆದು ನೋಡುತ್ತಿದ್ದ ನೀರುಗಂಟಿ ಈಗಿಲ್ಲ. ಅವನು ಮಾಡುತ್ತಿದ್ದ ಕೆಲಸ ಮಾತ್ರ ಹಾಗೇ ಉಳಿದಿದೆ.

ಮೊದಲು, ಪ್ರಾಣಿ ಏರಿಯನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ? ಬಿಲ ಎಂದರೆ ಬಿಸಿಲಿಗೂ ಶತ್ರುವಿಗೂ ಮರೆ. ಮೇಲ್ಮಣ್ಣು ಕಾದ ಹೆಂಚಿನಂತಿರುವ ಏಪ್ರಿಲ್ ಮಧ್ಯಾಹ್ನದಲ್ಲೂ ಎರಡು ಅಡಿ ಆಳದಲ್ಲಿ ಹಗಲು ರಾತ್ರಿಯ ಉಷ್ಣತೆಯ ವ್ಯತ್ಯಾಸ ಬಹುತೇಕ ತಿಳಿಯುವುದಿಲ್ಲ; ಗಾಳಿಯಲ್ಲಿ ತೇವ ಇರುತ್ತದೆ. ಗದ್ದೆಗೆ ನೀರು ಕಟ್ಟಿದ ಮೇಲೆ ಹೆಗ್ಗಣಕ್ಕೆ ಒಣ ನೆಲ ಎಂದು ಉಳಿಯುವುದು ಬದು ಮತ್ತು ಏರಿ ಎರಡೇ. ಕೆಳಗೆ ಬತ್ತದ ತೆನೆ, ಮೇಲೆ ಪೊದೆಯ ಮರೆ, ಅಗೆಯಲು ಹದವಾದ ಮಣ್ಣು. ಏಡಿಯ ಲೆಕ್ಕ ಬೇರೆ. ಅದರ ಕಿವಿರು ಒದ್ದೆಯಾಗಿಯೇ ಇರಬೇಕು. ಕೆರೆಯ ನೀರು ಇಳಿದಂತೆಲ್ಲ ಅದು ತೇವವನ್ನು ಬೆನ್ನಟ್ಟಿ ಕೆಳಕ್ಕೆ, ಒಳಕ್ಕೆ ಕೊರೆಯುತ್ತದೆ. ಹಾಗಾಗಿ ಹೆಗ್ಗಣದ ಗುದ್ದು ಸಾಮಾನ್ಯವಾಗಿ ಏರಿಯ ಹೊರಮೈಯಲ್ಲಿ, ಏಡಿಯದು ಒಳಮೈಯ ನೀರಿನ ಅಂಚಿನಲ್ಲಿ. ಇವೆರಡೂ ಒಂದೇ ಜಾಗದಲ್ಲಿ ಎದುರುಬದುರಾಗಿ ಬಿದ್ದಾಗ ಅಪಾಯ ಹೆಚ್ಚು.

ಇದನ್ನು ಅಂಕಿಯಲ್ಲಿ ನೋಡೋಣ. ಏರಿಯ ಎತ್ತರ 4 ಮೀಟರ್, ತಲೆಯ ಅಗಲ 3 ಮೀಟರ್, ಎರಡೂ ಬದಿಗೆ ಒಂದಕ್ಕೆ ಎರಡರ ಇಳಿಜಾರು (ಒಂದು ಮೀಟರ್ ಇಳಿಯಲು ಅಡ್ಡಲಾಗಿ ಎರಡು ಮೀಟರ್), ನಿಂತ ನೀರು 3 ಮೀಟರ್ ಎಂದಿಟ್ಟುಕೊಳ್ಳಿ. ಒಳಗಿನ ನೀರಿನ ಅಂಚಿನಿಂದ ಹೊರಗಿನ ಬುಡದವರೆಗೆ ಅಡ್ಡಲಾಗಿ 13 ಮೀಟರ್ ಮಣ್ಣು. ಅಂದರೆ ಸೋರುವ ನೀರಿನ ಗೆರೆ ಒಂದಕ್ಕೆ ನಾಲ್ಕೂ ಚಿಲ್ಲರೆಯ ವಾಟದಲ್ಲಿ ಇಳಿಯುತ್ತದೆ. ಜೇಡಿ ಹೆಚ್ಚಿರುವ ಮಣ್ಣಿಗೆ ಒಂದಕ್ಕೆ ನಾಲ್ಕು ಸಾಕು, ಮರಳು ಮಣ್ಣಿಗೆ ಆರು ಬೇಕು ಎನ್ನುವುದು ಹಳೆಯ ರೂಢಿ ಲೆಕ್ಕ. ಈಗ ಹೊರ ಬುಡದಿಂದ ಹೆಗ್ಗಣ 3 ಮೀಟರ್ ಒಳಗೆ ಹೋಗಿದೆ: ಉಳಿದದ್ದು 10. ಒಳಗಡೆಯಿಂದ ಏಡಿ ಒಂದೂವರೆ ಮೀಟರ್ ಬಂದಿದೆ: ಉಳಿದದ್ದು ಎಂಟೂವರೆ. ಒಂದಕ್ಕೆ 4.3 ಇದ್ದದ್ದು ಒಂದಕ್ಕೆ 2.8ಕ್ಕೆ ಬಂತು. ಏರಿ ನೋಡಲು ಮೊದಲಿನಷ್ಟೇ ದಪ್ಪ, ಆದರೆ ನೀರಿನ ಪಾಲಿಗೆ ಅದು ತೆಳ್ಳಗಾಗಿದೆ. ಜಿನುಗು ಜೋರಾಗಿ ಮಣ್ಣಿನ ಕಣಗಳನ್ನು ಬಿಲದೊಳಕ್ಕೆ ಎಳೆಯಲು ಶುರುಮಾಡುತ್ತದೆ. ಕಣ ಹೋದಷ್ಟು ದಾರಿ ಹಿರಿದಾಗುತ್ತದೆ, ದಾರಿ ಹಿರಿದಾದಷ್ಟು ಕಣ ಹೆಚ್ಚು ಹೋಗುತ್ತದೆ. ಇದು ಒಮ್ಮೆ ಓಟ ಹಿಡಿದರೆ ಒಡೆಯಲು ಕೆಲವೇ ಗಂಟೆ ಸಾಕು. ಆಂಧ್ರದ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಕೆರೆಯ ಆರು ದೋಷಗಳನ್ನು ಹೇಳುವಾಗ ಏರಿಯಿಂದ ನೀರು ಒಸರುವುದನ್ನೇ ಮೊದಲು ಇಟ್ಟದ್ದು ಸುಮ್ಮನೆ ಅಲ್ಲ.

ಇನ್ನೂ ಕೆಟ್ಟದ್ದು ಮತ್ತೊಂದಿದೆ. ಕೆರೆ ಏಳೆಂಟು ವರ್ಷ ತುಂಬದೆ ಒಣಗಿರುತ್ತದೆ. ಆಗ ಏರಿಯ ಮೇಲಿನ ಭಾಗದಲ್ಲಿ, ಕೋಡಿ ಮಟ್ಟಕ್ಕಿಂತ ತುಸುವೇ ಕೆಳಗೆ, ಬಿಲಗಳು ಈ ಕಡೆಯಿಂದ ಆ ಕಡೆಗೆ ತೂರಿರುತ್ತವೆ. ಒಣ ಕೆರೆಯಲ್ಲಿ ಅದರಿಂದ ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಒಂದು ವರ್ಷ ಕೆರೆ ಪೂರ್ತಿ ತುಂಬುತ್ತದೆ. ನೀರು ಬಿಲದ ಬಾಯಿ ಮುಟ್ಟಿದ ಕ್ಷಣದಿಂದ ಅದು ಜಿನುಗಲ್ಲ, ಕೊಳವೆ. 2021ರ ನವೆಂಬರ್‌ನಲ್ಲಿ, 2022ರ ಮಳೆಗಾಲದಲ್ಲಿ ಬಯಲುಸೀಮೆಯ ಎಷ್ಟೋ ಕೆರೆಗಳು ಬಹುಕಾಲದ ನಂತರ ಕೋಡಿ ಬಿದ್ದವು. ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಹರಿದು, ಒಣಗಿ ನಿಂತಿದ್ದ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರು. ಒಣ ವರ್ಷಗಳ ಬಿಲವನ್ನು ಹೊತ್ತ ಏರಿಗೆ ಸದಾ ನೀರಿನ ಒತ್ತಡ ಬಂದಿದೆ ಎಂದರ್ಥ. ಇಂಥ ಕೆರೆಗಳ ಪಟ್ಟಿ ಮೊದಲು ಆಗಬೇಕು.

ಸಮೀಕ್ಷೆ ಹೀಗೆ. ಏಪ್ರಿಲ್‌ನಲ್ಲಿ ಹುಲ್ಲು, ಪೊದೆ ಸವರಿದ ಮೇಲೆ, ಮೇ ಮುಗಿಯುವುದರೊಳಗೆ. ಪೊದೆ ಸವರದೆ ಮಾಡಿದ ಸಮೀಕ್ಷೆ ಕಾಗದಕ್ಕೆ ಮಾತ್ರ ಒಳ್ಳೆಯದು. ಇಬ್ಬರು ಏರಿಯ ಉದ್ದಕ್ಕೂ ಐದು ಸಾಲಿನಲ್ಲಿ ನಡೆಯಬೇಕು: ಒಳಗಿನ ನೀರಿನ ಅಂಚು, ಒಳಮೈಗೆ ಹೊದಿಸಿದ ಕಲ್ಲುಕಟ್ಟಡದ ಮೇಲಂಚು, ಏರಿಯ ತಲೆ, ಹೊರಮೈಯ ನಡು, ಹೊರ ಬುಡ. ಬುಡದಾಚೆ ಐದು ಮೀಟರ್ ನೆಲವನ್ನೂ ಬಿಡಬೇಡಿ. ಬಿಲದ ಒಂದು ಬಾಯಿ ಪಕ್ಕದ ಹೊಲದ ಬದುವಿನಲ್ಲಿರುವುದು ಸಾಮಾನ್ಯ. ತೂಬನ್ನು ಸೊನ್ನೆ ಎಂದಿಟ್ಟು ಟೇಪಿನಲ್ಲಿ ದೂರ ಅಳೆದು, ಪ್ರತಿ ಬಾಯಿಗೂ ಸುಣ್ಣದ ಗುರುತು ಹಾಕಿ, ಪುಸ್ತಕದಲ್ಲಿ ನಾಲ್ಕು ಅಂಶ ಬರೆಯಿರಿ: ತೂಬಿನಿಂದ ದೂರ, ಬಾಯಿಯ ಅಗಲ, ಒಳ ಅಥವಾ ಹೊರಮೈ, ಕೋಡಿ ಮಟ್ಟದಿಂದ ಎಷ್ಟು ಮೇಲೆ ಅಥವಾ ಕೆಳಗೆ. ನಾಲ್ಕನೆಯದೇ ಮುಖ್ಯ. ಹೊರಮೈಯ ಮೇಲೆ ಕೋಡಿ ಮಟ್ಟ ಎಲ್ಲಿ ಬರುತ್ತದೆಂದು ಲೆವೆಲ್ ಯಂತ್ರ ಇಟ್ಟು ಗೂಟ ನೆಟ್ಟುಬಿಟ್ಟರೆ ಊರಿನ ಯಾರು ಬೇಕಾದರೂ ಓದಬಲ್ಲರು. ಆ ಗೂಟಗಳ ಸಾಲಿಗಿಂತ ಕೆಳಗಿರುವ ಬಿಲ ಈ ವರ್ಷವೇ ಮುಚ್ಚಬೇಕಾದದ್ದು, ಮೇಲಿರುವುದು ಮುಂದಿನ ಸರದಿ.

ಬಾಯಿ ನೋಡಿಯೇ ಯಾರ ಮನೆ ಎಂದು ಹೇಳಬಹುದು. ಎರಡು ಮೂರು ಸೆಂಟಿಮೀಟರ್ ಅಗಲ, ಸುತ್ತ ಸಣ್ಣ ಸಣ್ಣ ಮಣ್ಣುಂಡೆ: ಸುಂಡಿಲಿ, ಇದರಿಂದ ಏರಿಗೆ ಭಯವಿಲ್ಲ. ಆರರಿಂದ ಹತ್ತು ಸೆಂಟಿಮೀಟರ್, ಮುಂದೆ ಸಡಿಲ ಮಣ್ಣಿನ ಗುಡ್ಡೆ, ಎಷ್ಟೋ ಸಲ ಬಾಯಿಗೆ ಒಳಗಿನಿಂದಲೇ ಹಸಿಮಣ್ಣು ಮೆತ್ತಿರುವುದು: ಹೆಗ್ಗಣ. ಮಣ್ಣು ಮೆತ್ತಿದೆ ಎಂದರೆ ಅದು ಒಳಗಿದೆ. ಬಿಲ ಬಿಟ್ಟುಹೋಗಿದೆ ಎಂದು ಮೋಸ ಹೋಗಬಾರದು. ಅಡ್ಡಕ್ಕೆ ಚಪ್ಪಟೆಯಾದ ಬಾಯಿ, ಅಂಚಿನಲ್ಲಿ ಕೆಸರುಂಡೆಗಳ ರಾಶಿ: ಏಡಿ. ಒಂದು ಅಡಿಗೂ ಮೀರಿದ ಬಾಯಿ, ಬಳಿಯಲ್ಲಿ ಮುಳ್ಳು ಅಥವಾ ಕಡಿದ ಮೂಳೆ: ಮುಳ್ಳುಹಂದಿ. ಅದರ ಸುರಂಗ ಹತ್ತಾರು ಅಡಿ ಹೋಗಬಹುದು, ಕೊನೆಗೆ ಆಳು ಕೂರುವಷ್ಟು ಕೋಣೆ ಇರಬಹುದು. ಮಿಂಚುಳ್ಳಿ ಹಕ್ಕಿಗಳ ತೂತು ಕಂಡರೆ ಹಕ್ಕಿಯನ್ನು ದೂರಬೇಡಿ. ಅವು ಇಳಿಜಾರಿನ ಹುಲ್ಲುಮೈಯಲ್ಲಿ ಗೂಡು ಮಾಡುವುದಿಲ್ಲ, ನೆಟ್ಟಗೆ ಕಡಿದ ಗೋಡೆ ಬೇಕು. ಏರಿಯಲ್ಲಿ ಅಂಥ ಗೋಡೆ ಇದೆ ಎಂದರೆ ಯಾರೋ ಟ್ರ್ಯಾಕ್ಟರಿಗೆ ಮಣ್ಣು ತುಂಬಿಕೊಂಡು ಹೋಗಿದ್ದಾರೆ.

ಹುತ್ತಕ್ಕೆ ಬೇರೆಯೇ ಎಚ್ಚರ ಬೇಕು. ಕಾಣುವ ಗೋಪುರವನ್ನು ಗುದ್ದಲಿಯಿಂದ ಕೆಡವಿ ನೆಲಸಮ ಮಾಡಿದರೆ ಕೆಲಸವಾಗದು. ಗೆದ್ದಲಿನ ದೊಡ್ಡ ಪೊಳ್ಳು ಇರುವುದು ಅದರ ಅಡಿಯಲ್ಲಿ. ಪೂಜೆಗೊಳ್ಳುವ ಹುತ್ತವಾದರೆ ಊರಿನವರೊಡನೆ ಮಾತಾಡದೆ ಹಾರೆ ಎತ್ತಬೇಡಿ. ಮೇಲಿನದನ್ನು ಹಾಗೇ ಬಿಟ್ಟು, ಒಳಮೈ ಕಡೆಯಿಂದ ಅದರ ಎದುರಿಗೆ ಜೇಡಿಯ ಪದರ ದಪ್ಪ ಮಾಡುವ ದಾರಿ ಇದೆ.

ಬಿಲದಲ್ಲಿ ಜೀವ ಇದೆಯೇ ಎಂದು ತಿಳಿಯಲು ಸಂಜೆ ಎಲ್ಲ ಬಾಯಿಗಳಿಗೂ ತೆಳುವಾಗಿ ಕೆಸರು ಮೆತ್ತಿ ಬನ್ನಿ. ಬೆಳಿಗ್ಗೆ ತೆರೆದಿದ್ದರೆ ಒಳಗೆ ಒಕ್ಕಲಿದೆ. ಎರಡು ರಾತ್ರಿ ಮಾಡಿದರೆ ಅನುಮಾನ ಉಳಿಯುವುದಿಲ್ಲ. ಉದ್ದ ಮತ್ತು ದಿಕ್ಕು ತಿಳಿಯಲು ವೈರಿಂಗಿನವರು ಬಳಸುವ ಬಗ್ಗುವ ಪೈಪು ತೂರಿಸಿ, ಅದು ಎಷ್ಟು ಹೋಯಿತೆಂದು ಅಳೆಯಿರಿ. ಕೈ ಹಾಕಲೇಬೇಡಿ, ಖಾಲಿ ಗುದ್ದಿನಲ್ಲಿ ನಾಗರಹಾವು ಇರುವುದು ಮಾಮೂಲು.

ವಿಷದ ಮಾತಿಗೆ ಬರೋಣ, ಏಕೆಂದರೆ ಬಿಲ ಎಂದೊಡನೆ ಪಂಚಾಯಿತಿ ಸಭೆಯಲ್ಲಿ ಮೊದಲು ಬರುವ ಸಲಹೆ ಮಾತ್ರೆ ಹಾಕಿ ಎಂಬುದು. ಅಲ್ಯೂಮಿನಿಯಂ ಫಾಸ್ಫೈಡ್ ನಿರ್ಬಂಧಿತ ವಸ್ತು. ಪರವಾನಗಿ, ಮೇಲುಸ್ತುವಾರಿ ಇಲ್ಲದೆ ಬಳಸುವಂತಿಲ್ಲ. ಅದರಿಂದ ಹೊಮ್ಮುವ ಫಾಸ್ಫೀನ್ ಹೆಗ್ಗಣವನ್ನೂ ಕೊಲ್ಲುತ್ತದೆ, ಹೆಗ್ಗಣ ತಿನ್ನುವ ಹಾವನ್ನೂ ಕೊಲ್ಲುತ್ತದೆ, ಬಗ್ಗಿ ಮಾತ್ರೆ ಹಾಕಿದವನನ್ನೂ ಕೊಲ್ಲಬಲ್ಲದು. ಅದೆಲ್ಲ ಇರಲಿ. ಒಳಗಿದ್ದದ್ದು ಸತ್ತಿತು ಎನ್ನಿ, ತೂತು ಎಲ್ಲಿಗೆ ಹೋಯಿತು? ಏರಿಗೆ ಅಪಾಯ ಇರುವುದು ಪೊಳ್ಳಿನಿಂದ. ಖಾಲಿಯಾದ ಗುದ್ದಿಗೆ ಮುಂದಿನ ಕಟಾವಿನ ಹೊತ್ತಿಗೆ ಹೊಸ ಒಕ್ಕಲು ಬರುತ್ತದೆ. ಏರಿಯ ಮೇಲೆ ವಿಷಕ್ಕೆ ಇಡುವ ಹಣವನ್ನು ಮಣ್ಣಿನ ಕೆಲಸಕ್ಕೆ ಇಡಿ ಎನ್ನುವುದೇ ನಮ್ಮ ಖಚಿತ ಅಭಿಪ್ರಾಯ.

ಮುಚ್ಚುವ ಕೆಲಸದಲ್ಲಿ ಆಗುವ ತಪ್ಪು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ. ಬಾಯಿಗೆ ನಾಲ್ಕು ಬಾಂಡ್ಲಿ ಮಣ್ಣು ಸುರಿದು ಕಾಲಿನಿಂದ ಒದ್ದು ಮುಂದೆ ಹೋಗುವುದು. ಒಂದು ಅಡಿ ಮಣ್ಣಿನ ಹಿಂದೆ ಹತ್ತು ಅಡಿ ಪೊಳ್ಳು ಹಾಗೇ ಇರುತ್ತದೆ, ಈಗ ಅದು ಕಾಣುವುದೂ ಇಲ್ಲ. ಕೆಲವರು ಕಲ್ಲು, ಒಡೆದ ಇಟ್ಟಿಗೆ, ಹಳೇ ಗೋಣಿಚೀಲ ತುರುಕುತ್ತಾರೆ. ಅವುಗಳ ಸಂದಿಯೇ ನೀರಿಗೆ ದಾರಿ. ಹೊರ ಬಾಯಿಗೆ ಕಾಂಕ್ರೀಟ್ ಮುಚ್ಚಳ ಹಾಕುವುದು ನೋಡಲು ಗಟ್ಟಿ, ಫಲ ವಿಪರೀತ: ಹಿಂದೆ ನೀರು ಕಟ್ಟಿಕೊಂಡು ಒತ್ತಡ ಏರಿ, ಕಾಂಕ್ರೀಟಿನ ಪಕ್ಕದ ಮಣ್ಣನ್ನು ಸೀಳಿಕೊಂಡು ಹೊಸ ಜಾಗದಲ್ಲಿ ಹೊರಬೀಳುತ್ತದೆ. ಬರೀ ಎರೆಮಣ್ಣು ತುಂಬಿದರೆ ಮೊದಲ ಬೇಸಿಗೆಯಲ್ಲೇ ಬಿರಿಯುತ್ತದೆ.

ಸರಿಯಾದ ಕ್ರಮ ಎರಡು. ಬಿಲ ಒಂದು ಮೀಟರಿನೊಳಗಿನ ಆಳದಲ್ಲಿ ಓಡಿದ್ದರೆ ಅದನ್ನು ಹಿಂಬಾಲಿಸಿ ಕೊನೆಯವರೆಗೂ ಅಗೆದು ತೆರೆಯಬೇಕು. ಚರಂಡಿಯ ಬದಿಗಳನ್ನು ನೆಟ್ಟಗೆ ಬಿಡದೆ ಮೆಟ್ಟಿಲಾಗಿ ಕಡಿಯಿರಿ, ಇಲ್ಲವಾದರೆ ಹಳೇ ಮಣ್ಣು ಹೊಸ ಮಣ್ಣಿನ ನಡುವೆ ಸಂದು ಉಳಿಯುತ್ತದೆ. ಕಡಿದ ಮೈಗೆ ನೀರು ಚಿಮುಕಿಸಿ, ಹಾರೆಯಿಂದ ಒರಟು ಮಾಡಿ. ತುಂಬುವ ಮಣ್ಣು ಏರಿಯದೇ ಜಾತಿಯದಿರಲಿ: ಜೇಡಿ, ಗರಸು ಕೂಡಿದ್ದು, ಬೇರು ಕಸ ಇಲ್ಲದ್ದು. ಹದ ನೋಡಲು ಮುಷ್ಟಿಯಲ್ಲಿ ಹಿಸುಕಿ. ಉಂಡೆ ನಿಂತು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ಚೂರಾದರೆ ಸರಿ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿದರೆ ನೀರು ಹೆಚ್ಚು. ಹದಿನೈದು ಸೆಂಟಿಮೀಟರ್ ಸಡಿಲ ಪದರ ಹರಡಿ, ಹತ್ತಕ್ಕೆ ಇಳಿಯುವವರೆಗೆ ದಮ್ಮಸು ಮಾಡಿ, ಮೇಲ್ಮೈ ಕೆದಕಿ, ಮುಂದಿನ ಪದರ. ಕೊನೆಗೆ ಗರಿಕೆಯ ಹೆಪ್ಪು ಹೊದಿಸಿ ಎರಡು ವಾರ ನೀರು ಹಾಕಿ.

ಆಳವಾಗಿ, ಅಗೆಯಲಾಗದಂತೆ ಹೋಗಿದ್ದರೆ ರಾಡಿ ತುಂಬಬೇಕು. ಒಂಬತ್ತು ಪಾಲು ಜರಡಿ ಹಿಡಿದ ಮಣ್ಣಿಗೆ ಒಂದು ಪಾಲು ಸಿಮೆಂಟು, ಹರಿಯುವಷ್ಟು ನೀರು. ಬಿಲದ ಮೇಲ್ಬಾಯಿಗೆ ನಾಲ್ಕಿಂಚಿನ ಪಿವಿಸಿ ಪೈಪು ಒಂದೂವರೆ ಮೀಟರಿನಷ್ಟು ನೆಟ್ಟಗೆ ನಿಲ್ಲಿಸಿ, ಸುತ್ತ ಜೇಡಿ ಕಟ್ಟಿ ಬಿಗಿ ಮಾಡಿ, ಪೈಪಿನ ತುದಿಯಿಂದ ಹುಯ್ಯಿರಿ. ಎತ್ತರದ ಭಾರವೇ ರಾಡಿಯನ್ನು ಒಳಕ್ಕೆ ನೂಕುತ್ತದೆ. ಬೇರೆ ಬಾಯಿಗಳಿಂದ ರಾಡಿ ಹೊರಬಂದಾಗ ಅವನ್ನು ಒಂದೊಂದಾಗಿ ಮುಚ್ಚುತ್ತ ಹೋಗಿ. ಗಾಳಿ ಹೊರಹೋಗಲು ಕೊನೆಯ ಬಾಯಿ ತೆರೆದಿರಲಿ. ಹತ್ತು ಸೆಂಟಿಮೀಟರ್ ಅಗಲ, ಐದು ಮೀಟರ್ ಉದ್ದದ ಗುದ್ದಿಗೆ ಸುಮಾರು 40 ಲೀಟರ್ ಹಿಡಿಸುತ್ತದೆ. ಕಣಜ, ಮರಿಗೂಡಿನ ಲೆಕ್ಕ ಸೇರಿಸಿ 60 ಲೀಟರ್ ಕಲಸಿಟ್ಟುಕೊಳ್ಳಿ. ನೂರು ಲೀಟರ್ ಹುಯ್ದರೂ ತುಂಬುತ್ತಿಲ್ಲವೆಂದರೆ ನಿಲ್ಲಿಸಿ, ಒಳಮೈಗೆ ಹೋಗಿ ನೋಡಿ. ರಾಡಿ ಕೆರೆಗೆ ಇಳಿಯುತ್ತಿರಬಹುದು. ಮರುದಿನ ರಾಡಿ ಕುಗ್ಗಿರುತ್ತದೆ, ಇನ್ನೊಂದು ಬಾರಿ ಹುಯ್ಯಬೇಕು. ಈ ಎರಡನೇ ಸುತ್ತನ್ನು ಬಿಟ್ಟವರೇ ಹೆಚ್ಚು. ಮುಳ್ಳುಹಂದಿಯ ಬಿಲಕ್ಕೆ ಬಕೆಟಿನ ಲೆಕ್ಕ ಸಾಲದು: ಒಂದು ಅಡಿ ಅಗಲ, ಆರು ಮೀಟರ್ ಉದ್ದ ಎಂದರೂ 400 ಲೀಟರ್ ದಾಟುತ್ತದೆ. ಅಲ್ಲಿ ನೀರಿಲ್ಲದ ಕಾಲದಲ್ಲಿ ಅಗೆದು ಕಟ್ಟುವುದೇ ದಾರಿ.

ಅಗೆಯುವ ಮೊದಲು ಕಾನೂನು ನೆನಪಿರಲಿ. ಮುಳ್ಳುಹಂದಿ, ಉಡ, ಚಿಪ್ಪುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಉಡ, ಚಿಪ್ಪುಹಂದಿ ಮೊದಲ ಪರಿಚ್ಛೇದದಲ್ಲೇ ಇವೆ. ಅರಣ್ಯ ಇಲಾಖೆಗೆ ತಿಳಿಸಿ, ಅವರ ಸಿಬ್ಬಂದಿ ಬಂದ ಮೇಲೆಯೇ ಕೆಲಸ. ಮರಿ ಇದ್ದರೆ ಕಾಯಲೇಬೇಕು. ಮುಳ್ಳುಹಂದಿ ರಾತ್ರಿ ಮೇಯಲು ಹೋಗುತ್ತದೆ. ಉಳಿದ ಬಾಯಿ ಮುಚ್ಚಿ, ಒಂದಕ್ಕೆ ಹೊರಕ್ಕೆ ಮಾತ್ರ ತೆರೆಯುವ ತೂಗುಬಾಗಿಲು ಕಟ್ಟಿದರೆ ಅದು ತಾನೇ ಮನೆ ಬಿಡುತ್ತದೆ. ಹಾಗೆಯೇ ಬಿಲದ ಮೇಲಿನ ಈ ಕಟ್ಟುನಿಟ್ಟು ಏರಿಗೆ ಮತ್ತು ಬುಡದಾಚೆಯ ಐದು ಮೀಟರಿಗೆ ಮಾತ್ರ. ಕೆರೆ ಅಂಗಳದಲ್ಲಿ, ಗೋಮಾಳದಲ್ಲಿ ಇರುವ ಬಿಲಗಳು ಮಳೆನೀರನ್ನು ನೆಲಕ್ಕೆ ಇಳಿಸುತ್ತವೆ, ಬೇಸಿಗೆಯಲ್ಲಿ ಕಪ್ಪೆ, ಹಾವುರಾಣಿ, ಚೇಳಿಗೆಲ್ಲ ಅವೇ ಆಸರೆ. ಅವನ್ನು ಮುಚ್ಚುವ ಉತ್ಸಾಹ ಯಾರಿಗೂ ಬೇಡ.

ಮಳೆಗಾಲದ ನಡುವೆ ಹೊರಮೈಯಲ್ಲಿ ನೀರು ಕಂಡರೆ ಮೊದಲು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ದಿನಕ್ಕೆರಡು ಸಲ ನಿಗಾ ಸಾಕು. ಕದಡಿದ್ದರೆ ಏರಿಯ ಒಡಲು ಕರಗುತ್ತಿದೆ. ಕೆಳಗಿನ ಜನರನ್ನು ಎಬ್ಬಿಸಿ, ತೂಬು ಪೂರ್ತಿ ತೆರೆದು ಮಟ್ಟ ಇಳಿಸಿ. ಹೊರ ಬಾಯನ್ನು ಮಣ್ಣಿನಿಂದ ಬಿಗಿಯಬಾರದು. ಅದರ ಮೇಲೆ ಅರ್ಧ ಅಡಿ ದಪ್ಪ ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ ಕಲ್ಲಿನ ಭಾರ ಹೇರಿ: ನೀರು ಹೊರಹೋಗಲಿ, ಮಣ್ಣು ಉಳಿಯಲಿ. ಮರಳು ನಿಲ್ಲದೆ ತೇಲಿಹೋಗುತ್ತಿದ್ದರೆ ಸುತ್ತ ಮರಳುಚೀಲದ ಬಳೆ ಕಟ್ಟಿ ನೀರನ್ನು ತುಸು ಎತ್ತರಿಸಿ ನಿಲ್ಲಿಸಿ, ರಭಸ ತಗ್ಗುತ್ತದೆ. ಒಳಗಡೆ ಸುಳಿ ಕಂಡರೆ ಅದರ ಮೇಲೆ ತಾಡಪಾಲು ಇಳಿಬಿಟ್ಟು ಜೇಡಿ ತುಂಬಿದ ಚೀಲ ಹೇರಿ. ಆ ಹೊತ್ತಿನಲ್ಲಿ ಏರಿಯ ಮೇಲೆ ಜೆಸಿಬಿ ಹತ್ತಿಸುವುದು ಬೇಡವೇ ಬೇಡ.

ಕೊನೆಯದಾಗಿ ನಿಮ್ಮ ಅಂದಾಜುಪಟ್ಟಿಗಳ ಬಗ್ಗೆ. ಹೂಳೆತ್ತುವ ಕಾಮಗಾರಿಯಲ್ಲಿ ತೆಗೆದ ಗೋಡನ್ನು ಏರಿಯ ಹೊರಮೈಗೆ ಸುರಿದು ‘ಏರಿ ಬಲಪಡಿಸಲಾಗಿದೆ’ ಎಂದು ಬರೆಯುವ ಪದ್ಧತಿ ನಿಲ್ಲಲಿ. ದಮ್ಮಸು ಕಾಣದ ಆ ಸಡಿಲ ಮಣ್ಣಿಗಿಂತ ಹೆಗ್ಗಣಕ್ಕೆ ಒಳ್ಳೆಯ ನೆಲವಿಲ್ಲ. ಹಳೇ ಬಿಲಗಳ ಬಾಯಿಯೂ ಅದರಡಿ ಹೂತುಹೋಗುತ್ತದೆ. ಬಳ್ಳಾರಿ ಜಾಲಿಯನ್ನು ಬುಡಕ್ಕೆ ಕತ್ತರಿಸಿ ಬಿಡುವುದೂ ಅರ್ಧ ಕೆಲಸ. ಎಳೆಯ ಗಿಡವಾದರೆ ಬೇರುಸಹಿತ ಕಿತ್ತು ಗುಂಡಿಯನ್ನು ಪದರ ಪದರವಾಗಿ ತುಂಬಬೇಕು. ದೊಡ್ಡ ಮರ ಕಡಿದರೆ ಬೇರು ಕೊಳೆತು ಕೆಲವು ವರ್ಷದಲ್ಲಿ ಪ್ರಾಣಿ ತೋಡದೆಯೇ ಸುರಂಗ ಸಿದ್ಧ, ಆದ್ದರಿಂದ ಇಂಜಿನಿಯರ್ ಸ್ಥಳ ನೋಡದೆ ಕೊಡಲಿ ಹಾಕಿಸಬೇಡಿ. ಕಲ್ಲುಕಟ್ಟಡ ಹೊಸದಾಗಿ ಮಾಡುವಾಗ ಅಡಿಯಲ್ಲಿ ಮರಳು ಮತ್ತು ಜಲ್ಲಿಯ ಪದರ ಅರ್ಧರ್ಧ ಅಡಿ ಇರಲಿ. ಕೊರೆದರೆ ಕುಸಿಯುವ ಆ ಪದರದಲ್ಲಿ ಏಡಿ ನಿಲ್ಲುವುದಿಲ್ಲ. ಹುಲ್ಲಿನ ಬಣವೆ, ತಿಪ್ಪೆ, ತರಕಾರಿ ಮಡಿ ಏರಿಯ ಬುಡದಿಂದ ಐದು ಮೀಟರ್ ಆಚೆ.

ನಾವು ಕೇಳುವುದು ಇಷ್ಟು. ವಾರ್ಷಿಕ ನಿರ್ವಹಣೆಯ ಅಂದಾಜಿನಲ್ಲಿ ‘ಬಿಲ ಸಮೀಕ್ಷೆ ಮತ್ತು ತುಂಬುವಿಕೆ’ ಎಂಬ ಪ್ರತ್ಯೇಕ ಬಾಬ್ತು. ಅದರ ಅಳತೆ ಬಾಯಿಗಳ ಸಂಖ್ಯೆಯಲ್ಲಿ ಅಲ್ಲ, ತುಂಬಿದ ಲೀಟರಿನಲ್ಲಿ ಅಥವಾ ಅಗೆದು ಕಟ್ಟಿದ ಘನ ಮೀಟರಿನಲ್ಲಿ. ಬಿಲಗಳ ಪುಸ್ತಕ ಪಂಚಾಯಿತಿ ಕಚೇರಿಯಲ್ಲಿ, ಯಾರು ಕೇಳಿದರೂ ಸಿಗುವಂತೆ. ಕೋಡಿ ಮಟ್ಟದ ಗೂಟಗಳು ಪ್ರತಿ ಐವತ್ತು ಮೀಟರಿಗೊಂದು. ಮೇ 31ರೊಳಗೆ ಮೊದಲ ಸುತ್ತು, ಕೆರೆ ಅರ್ಧ ತುಂಬಿದಾಗ ಎರಡನೆಯದು, ಕೋಡಿ ಬಿದ್ದ ಮರುದಿನ ಮೂರನೆಯದು. ಏರಿ ನಡೆಯಲು ಊರಿನವರೇ ಒಬ್ಬರು, ತಿಂಗಳ ಸಂಬಳದೊಂದಿಗೆ.

ಇಂತಿ,
ಕೆರೆ ಏರಿಯ ಕೆಲಸ ಬಲ್ಲ ಕೆಲವರು